ಮುಯ್ಯಾಳು ಕಟ್ಟಿದ ಕ್ಲಬ್

1967ರ ನವೆಂಬರ್ 5, ಭಾನುವಾರ. ಫಿಲಡೆಲ್ಫಿಯಾ ನಗರದ ವಾಯವ್ಯಕ್ಕಿರುವ ವ್ಯಾಲಿ ಫೋರ್ಜ್ ಉದ್ಯಾನದಲ್ಲಿ ನಕ್ಷೆ, ದಿಕ್ಸೂಚಿ ಹಿಡಿದ ಒಂದಷ್ಟು ಜನ ಮರಗಳ ನಡುವೆ ಮರೆಯಾದರು. 1777–78ರ ಚಳಿಗಾಲದಲ್ಲಿ ಜಾರ್ಜ್ ವಾಷಿಂಗ್ಟನ್ನರ ಸೈನ್ಯ ಹಸಿವು, ಕಾಯಿಲೆಗಳನ್ನು ಸಹಿಸಿಕೊಂಡು ಬೀಡುಬಿಟ್ಟಿದ್ದ ನೆಲ ಅದು. ಆ ಭಾನುವಾರದ ಕೂಟವನ್ನು ಏರ್ಪಡಿಸಿದವರು ಹರಾಲ್ಡ್ ವಿಬಿಯೆ ಎಂಬ ನಾರ್ವೆ ದೇಶದವರು. ಅಮೆರಿಕದಲ್ಲಿ ಯಾರು ಬೇಕಾದರೂ ಬಂದು ಓಡಬಹುದಾಗಿದ್ದ ಓರಿಯೆಂಟಿಯರಿಂಗ್ ಸ್ಪರ್ಧೆಗಳ ಚರಿತ್ರೆ ಆ ದಿನದಿಂದ ಶುರುವಾಗುತ್ತದೆ. ಅದರ ಜೊತೆಗೇ ಹುಟ್ಟಿದ್ದು ಡೆಲವೇರ್ ವ್ಯಾಲಿ ಓರಿಯೆಂಟಿಯರಿಂಗ್ ಅಸೋಸಿಯೇಷನ್. ಈ ದೇಶದ ಅತ್ಯಂತ ಹಳೆಯ ಓರಿಯೆಂಟಿಯರಿಂಗ್ ಕ್ಲಬ್ ಎಂಬ ಹೆಸರು ಅದಕ್ಕಿದೆ. ಇನ್ನು ಸ್ವಲ್ಪದರಲ್ಲೇ ಅದಕ್ಕೆ ಅರವತ್ತು ತುಂಬುತ್ತದೆ.

ನಾವು ಬಾಳುತ್ತಿರುವ ನೆಲದ ಒಂದು ಸಂಸ್ಥೆಯ ಚರಿತ್ರೆ ಬರೆಯಿರಿ ಎಂದು ಕನ್ನಡ ಕೂಟದ ಸಂಪಾದಕ ಮಂಡಳಿಯವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಈ ಕ್ಲಬ್. ಪೂರ್ವ ಪೆನ್ಸಿಲ್ವೇನಿಯ, ನ್ಯೂಜೆರ್ಸಿ, ಡೆಲವೇರ್‌ಗಳ ಕಾಡು ಮತ್ತು ಉದ್ಯಾನಗಳೇ ಇದರ ಮನೆ. ಸಂಬಳದ ಮೇಲೆ ದುಡಿಯುವವರಿಂದ ನಡೆಯುವ ಸಂಸ್ಥೆ ಇದಲ್ಲ. ವಾರವೆಲ್ಲ ಬೇರೆ ಉದ್ಯೋಗ ಮಾಡುವ ಜನ ವಾರದ ಕೊನೆಗೆ ಬಂದು ಇದನ್ನು ನಡೆಸುತ್ತಾರೆ. ಹೀಗೆ ಸುಮಾರು ಆರು ದಶಕ ನಡೆದಿದೆ. ಹೇಗೆ ನಡೆಯಿತು ಎಂದು ಯೋಚಿಸುವಾಗಲೆಲ್ಲ ನಮ್ಮ ಮಲೆನಾಡಿನ ಒಂದು ಪದ ನನ್ನ ನಾಲಗೆಗೆ ಬರುತ್ತದೆ: ಮುಯ್ಯಾಳು.

ನಾನು ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯಲ್ಲಿ. ನಾಟಿಯ ಕಾಲದಲ್ಲಿ ನಮ್ಮ ಗದ್ದೆಗೆ ಪಕ್ಕದ ಮನೆಯವರು ಬರುತ್ತಿದ್ದರು. ಅವರ ಗದ್ದೆಯ ದಿನ ನಮ್ಮ ಮನೆಯವರು ಹೋಗುತ್ತಿದ್ದರು. ನಡುವೆ ದುಡ್ಡಿನ ಮಾತಿಲ್ಲ. ಆದರೆ ಎಷ್ಟು ಆಳು ಬಂದಿತ್ತು, ಎಷ್ಟು ಆಳು ಹೋಗಬೇಕು ಎಂಬುದು ಎರಡೂ ಮನೆಯ ಹೆಂಗಸರಿಗೆ ಬಾಯಿಪಾಠವಾಗಿರುತ್ತಿತ್ತು. ಅದೇ ಮುಯ್ಯಾಳು. ಈ ಕ್ಲಬ್ಬಿನ ಚರಿತ್ರೆಯನ್ನು ನಾನು ಆ ಪದದ ಮೂಲಕವೇ ಅರ್ಥ ಮಾಡಿಕೊಂಡಿದ್ದೇನೆ.

ಬೇರು ಇರುವ ನಾಡು

ಓರಿಯೆಂಟಿಯರಿಂಗ್ ಎಂದರೆ ಸರಳವಾಗಿ ಇಷ್ಟು: ಗೊತ್ತಿಲ್ಲದ ಕಾಡಿನಲ್ಲಿ ನಕ್ಷೆಯ ಮೇಲೆ ಗುರುತಿಸಿದ ಜಾಗಗಳನ್ನು, ಹೇಳಿದ ಕ್ರಮದಲ್ಲಿ, ಆದಷ್ಟು ಬೇಗ ಹುಡುಕಿ ಬರುವುದು. ಆ ಜಾಗಗಳಿಗೆ ಕಂಟ್ರೋಲ್ ಎಂದು ಹೆಸರು. ಒಂದು ಕಂಟ್ರೋಲಿನಿಂದ ಮತ್ತೊಂದಕ್ಕೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಗುಡ್ಡ ಹತ್ತಿ ಇಳಿಯುವುದೋ, ಸುತ್ತಿ ಹೋಗುವುದೋ ಎಂಬ ತೀರ್ಮಾನ ಓಡುವವರದೇ.

ಸ್ವೀಡನ್ನಿನ ಸೈನ್ಯದಲ್ಲಿ ತರಬೇತಿಯಾಗಿ ಬಳಕೆಯಲ್ಲಿದ್ದ ವಿದ್ಯೆ ಇದು. ನಾಗರಿಕರಿಗೆಂದು ಮೊದಲ ಸ್ಪರ್ಧೆ ನಡೆದದ್ದು 1897ರ ಅಕ್ಟೋಬರ್ 31ರಂದು, ನಾರ್ವೆಯಲ್ಲಿ, ಇಂದಿನ ಓಸ್ಲೋ ನಗರದ ಹತ್ತಿರ. ಏರ್ಪಡಿಸಿದ್ದು ತ್ಯಾಲ್ವೆ ಎಂಬ ಕ್ರೀಡಾ ಕ್ಲಬ್. ಓಡಿದವರು 8 ಜನ, ಓಡಿದ ದೂರ ಸುಮಾರು 19.5 ಕಿಲೋಮೀಟರ್. ಪೇಡರ್ ಫೊಸ್ಸುಮ್ ಎಂಬವರು 1 ಗಂಟೆ 47 ನಿಮಿಷಗಳಲ್ಲಿ ಓಡಿ ಗೆದ್ದರು. ಮುಂದೆ 1919ರ ಮಾರ್ಚಿನಲ್ಲಿ ಸ್ಟಾಕ್‌ಹೋಮಿನ ಹತ್ತಿರ ಮೇಜರ್ ಎರ್ನ್‌ಸ್ಟ್ ಕಿಲಾಂಡರ್ ನಡೆಸಿದ ಸ್ಪರ್ಧೆಗೆ ಇನ್ನೂರಕ್ಕೂ ಹೆಚ್ಚು ಜನ ಬಂದರು. ಬರಿದೇ ಓಟದ ಪಂದ್ಯಗಳಿಗೆ ಯುವಕರು ಬರುವುದು ಕಡಿಮೆಯಾಗುತ್ತಿದ್ದ ಕಾಲದಲ್ಲಿ, ಓಟಕ್ಕೆ ಯೋಚನೆಯನ್ನು ಬೆಸೆದರೆ ಬಂದಾರು ಎಂಬುದು ಕಿಲಾಂಡರ್ ಅವರ ನಂಬಿಕೆ. ಆ ನಂಬಿಕೆ ನಿಜವಾಯಿತು. ಓರಿಯೆಂಟಿಯರಿಂಗಿನ ಪಿತಾಮಹ ಎಂದು ಇಂದಿಗೂ ಅವರನ್ನು ಸ್ಮರಿಸುತ್ತಾರೆ.

1930ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಕೆಲ್‌ಸ್ಟ್ರೋಮ್ ಸಹೋದರರೂ ಗುನ್ನಾರ್ ತಿಲ್ಲಾಂಡರ್ ಅವರೂ ಸೇರಿ, ಕೋನಮಾಪಕವನ್ನೂ ದಿಕ್ಸೂಚಿಯನ್ನೂ ಒಂದೇ ಪಾರದರ್ಶಕ ಹಲಗೆಯ ಮೇಲೆ ಕೂರಿಸಿ ಸಿಲ್ವಾ ದಿಕ್ಸೂಚಿಯನ್ನು ರೂಪಿಸಿದರು. ನಕ್ಷೆಯ ಮೇಲೆ ಇಟ್ಟು, ತಿರುಗಿಸಿ, ನೇರ ನಡೆಯಬಹುದಾದ ಸಲಕರಣೆ. ಇದರಿಂದ ಸೈನಿಕರ ವಿದ್ಯೆ ಶಾಲೆಯ ಮಕ್ಕಳ ಕೈಗೂ ಬಂತು. 1961ರಲ್ಲಿ ಕೋಪನ್‌ಹೇಗನ್ನಿನಲ್ಲಿ 10 ದೇಶಗಳು ಸೇರಿ ಅಂತರರಾಷ್ಟ್ರೀಯ ಓರಿಯೆಂಟಿಯರಿಂಗ್ ಒಕ್ಕೂಟವನ್ನು ಕಟ್ಟಿದವು. 1966ರಲ್ಲಿ ಫಿನ್‌ಲ್ಯಾಂಡಿನ ಫಿಸ್ಕಾರ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ವ್ಯಾಲಿ ಫೋರ್ಜ್‌ನ ಆ ಭಾನುವಾರ ಬಂದದ್ದು ಅದರ ಮರುವರ್ಷ.

ಅದಕ್ಕೂ ಮೊದಲು ಅಮೆರಿಕದಲ್ಲಿ ಬೀಜ ಬಿತ್ತುವ ಪ್ರಯತ್ನಗಳು ಆಗಿದ್ದವು. 1941ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಫಿನ್‌ಲ್ಯಾಂಡಿನ ಸೇನಾಧಿಕಾರಿ ಪಿಲ್ಟಿ ಹೈಸ್ಕನೆನ್ ಇದನ್ನು ಕಲಿಸಿದ್ದರು. ಸಿಲ್ವಾದ ಬ್ಯೋರ್ನ್ ಕೆಲ್‌ಸ್ಟ್ರೋಮ್ 1946ರಲ್ಲಿ ಈ ದೇಶಕ್ಕೆ ಬಂದು ಪ್ರಚಾರ ಮಾಡಿದ್ದರು. ಕಲಿಸುವವರು ಇದ್ದರು. ಒಂದು ಊರಿನಲ್ಲಿ ನೆಲೆ ನಿಂತು, ಮುಂದಿನ ತಿಂಗಳೂ ಅದರ ಮುಂದಿನ ತಿಂಗಳೂ ಸ್ಪರ್ಧೆ ನಡೆಸುವ ಒಂದು ಬಳಗ ಬೇಕಿತ್ತು. ಡೆಲವೇರ್ ಕಣಿವೆಯ ಕ್ಲಬ್ ಆ ಕೊರತೆ ತುಂಬಿತು. ನಂತರದ ವರ್ಷಗಳಲ್ಲಿ ಬೇರೆ ಊರುಗಳಲ್ಲೂ ಕ್ಲಬ್‌ಗಳು ಹುಟ್ಟಿದವು, 1971ರ ಆಗಸ್ಟಿನಲ್ಲಿ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು, 1993ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನ್ಯೂಯಾರ್ಕ್ ರಾಜ್ಯದ ಕಾಡುಗಳಿಗೆ ಬಂತು.

ನಕ್ಷೆಯೇ ಆಸ್ತಿ

ಈ ಕ್ಲಬ್ಬಿಗೆ ದೊಡ್ಡ ಕಟ್ಟಡವಿಲ್ಲ, ಮೈದಾನವಿಲ್ಲ. ಅದು ಓಡುವ ಕಾಡು ಸರ್ಕಾರದ್ದು. ಅದರ ನಿಜವಾದ ಆಸ್ತಿ ನಕ್ಷೆಗಳು. ಆ ನಕ್ಷೆಗಳು ಹೇಗೆ ಬೆಳೆದವು ಎಂಬುದೇ ಕ್ಲಬ್ಬಿನ ಅರ್ಧ ಚರಿತ್ರೆ.

ಅಮೆರಿಕದಲ್ಲಿ ಮೊದಮೊದಲು ಓಡುತ್ತಿದ್ದುದು ಭೂವಿಜ್ಞಾನ ಸಮೀಕ್ಷೆಯ 1:24,000 ಮಾಪಕದ ಸರ್ಕಾರಿ ನಕ್ಷೆಗಳ ಮೇಲೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 240 ಮೀಟರ್. ಗುಡ್ಡ, ಹೊಳೆ, ರಸ್ತೆ ಕಾಣುತ್ತವೆ. ಬಂಡೆ, ಹಳ್ಳ, ಮುಳ್ಳುಪೊದೆ ಕಾಣುವುದಿಲ್ಲ. ಓರಿಯೆಂಟಿಯರಿಂಗಿಗೆಂದೇ ಬರೆಯುವ ನಕ್ಷೆ ಹಾಗಲ್ಲ. ಮಾಪಕ ಸಾಮಾನ್ಯವಾಗಿ 1:10,000 ಅಥವಾ 1:15,000. ಓಡಲು ಅನುಕೂಲವಾದ ಕಾಡು ಬಿಳಿ, ಬಯಲು ಹಳದಿ, ಗಿಡಗಂಟಿ ದಟ್ಟವಾದಷ್ಟೂ ಹಸಿರು ಗಾಢ. ಸಮೋನ್ನತ ರೇಖೆಗಳು ಕಂದು, ನೀರು ನೀಲಿ, ಬಂಡೆ ಮತ್ತು ಕಾಲುದಾರಿ ಕಪ್ಪು. ನಕ್ಷೆಯಲ್ಲಿ ಬಿಳಿ ಕಂಡರೆ ಅದು ಖಾಲಿ ಜಾಗ ಎಂದುಕೊಳ್ಳುವುದು ಹೊಸಬರ ಅಭ್ಯಾಸ. ಇಲ್ಲಿ ಬಿಳಿಯೇ ಒಳ್ಳೆಯ ಕಾಡು.

ಇಂಥ ನಕ್ಷೆ ಬರೆಯುವವರು ಕಾಡಿನ ಪ್ರತಿ ಇಳಿಜಾರಿನಲ್ಲೂ ನಡೆಯಬೇಕು. ಆಕಾಶದಿಂದ ತೆಗೆದ ಚಿತ್ರ ಮತ್ತು ಈಚಿನ ಲೈಡಾರ್ ಸಮೀಕ್ಷೆ ನೆಲದ ಏರಿಳಿತವನ್ನು ಕೊಡುತ್ತವೆ. ಆದರೆ ಆ ಬಂಡೆ ಓಡುವವನ ಕಣ್ಣಿಗೆ ಬೀಳುವಷ್ಟು ದೊಡ್ಡದೇ, ಈ ಹಸಿರು ನುಗ್ಗಿ ಹೋಗಬಹುದಾದದ್ದೇ ಎಂಬುದನ್ನು ನೋಡಿಯೇ ಹೇಳಬೇಕು. ಒಂದು ಚದರ ಕಿಲೋಮೀಟರಿಗೆ ಹಲವು ಹತ್ತು ಗಂಟೆಗಳ ನಡಿಗೆ ಹಿಡಿಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ, ಕ್ಲಿಪ್‌ಬೋರ್ಡಿನ ಮೇಲೆ ಕಾಗದ ಹರಡಿಕೊಂಡು ಒಬ್ಬೊಬ್ಬರೇ ನಡೆಯುವ ಈ ಕೆಲಸವನ್ನು ನೋಡಿದವರು ಕಡಿಮೆ. ಮುಗಿದ ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವರ ಹೆಸರಿರುತ್ತದೆ. ಹೊಸ ನಕ್ಷೆ ಕೈಗೆ ಬಂದಾಗ ನಾನು ಮೊದಲು ನೋಡುವುದು ಆ ಮೂಲೆಯನ್ನು.

ಫಿಲಡೆಲ್ಫಿಯಾದ ಸುತ್ತ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 12 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. ಕರ್ನಾಟಕದಲ್ಲಿ ಈ ವ್ಯತ್ಯಾಸ ಸುಮಾರು ಒಂದು ಡಿಗ್ರಿ. ನಮ್ಮ ಶಾಲೆಯ ಭೂಗೋಳದ ಪಾಠದಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯದಿದ್ದರೂ ನಡೆಯುತ್ತಿತ್ತು. ಇಲ್ಲಿ 12 ಡಿಗ್ರಿ ಮರೆತು ಒಂದು ಕಿಲೋಮೀಟರ್ ನಡೆದರೆ ಸೇರಬೇಕಾದ ಜಾಗದಿಂದ 200 ಮೀಟರಿಗೂ ಹೆಚ್ಚು ದೂರ ಹೋಗಿರುತ್ತೇವೆ. ಅದಕ್ಕೇ ಓರಿಯೆಂಟಿಯರಿಂಗ್ ನಕ್ಷೆಯ ಉತ್ತರ ರೇಖೆಗಳನ್ನು ಕಾಂತೀಯ ಉತ್ತರಕ್ಕೇ ಎಳೆಯುತ್ತಾರೆ. ಓಡುವವರು ಲೆಕ್ಕ ಮಾಡಬೇಕಿಲ್ಲ. ಅವರ ಪರವಾಗಿ ನಕ್ಷೆ ಬರೆದವರು ಮಾಡಿರುತ್ತಾರೆ. ಆ ಕಾಂತೀಯ ಉತ್ತರವೂ ವರ್ಷದಿಂದ ವರ್ಷಕ್ಕೆ ಸರಿಯುತ್ತಿರುವುದರಿಂದ ಹಳೆಯ ನಕ್ಷೆಯ ರೇಖೆಗಳನ್ನು ಆಗಾಗ ತಿದ್ದಬೇಕು. ಕಾಡೂ ಬದಲಾಗುತ್ತದೆ: ಮರ ಬೀಳುತ್ತದೆ, ಹೊಸ ಕಾಲುದಾರಿ ಮೂಡುತ್ತದೆ, ಬಯಲಿದ್ದಲ್ಲಿ ಮುಳ್ಳು ಬೆಳೆಯುತ್ತದೆ. ಆದ್ದರಿಂದ ನಕ್ಷೆಯ ಕೆಲಸಕ್ಕೆ ಕೊನೆಯೆಂಬುದಿಲ್ಲ.

ಇದ್ದಿಲು ಸುಟ್ಟ ಜಾಗಗಳು

ಕ್ಲಬ್ಬಿನ ಕಾಡುಗಳಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಫ್ರೆಂಚ್ ಕ್ರೀಕ್ ಸ್ಟೇಟ್ ಪಾರ್ಕ್. ಏಳು ಸಾವಿರಕ್ಕೂ ಹೆಚ್ಚು ಎಕರೆಯ ಕಾಡು. ಅದರ ಮಗ್ಗುಲಲ್ಲೇ ಹೋಪ್‌ವೆಲ್ ಫರ್ನೇಸ್ ಎಂಬ ಹಳೆಯ ಕಬ್ಬಿಣದ ಕುಲುಮೆಯ ಊರಿದೆ. 1771ರಿಂದ 1883ರವರೆಗೆ ಉರಿದ ಕುಲುಮೆ ಅದು. ಅದರ ಹೊಟ್ಟೆ ತುಂಬಿಸಲು ಇದ್ದಿಲು ಬೇಕಿತ್ತು, ಇದ್ದಿಲಿಗೆ ಮರ ಬೇಕಿತ್ತು. ಸುತ್ತಲ ಕಾಡಿನ ಇಳಿಜಾರುಗಳಲ್ಲಿ ಸುಮಾರು 30–40 ಅಡಿ ಅಗಲದ ದುಂಡನೆಯ ಜಾಗಗಳನ್ನು ಮಟ್ಟ ಮಾಡಿ, ಕಟ್ಟಿಗೆಯನ್ನು ಒಟ್ಟಿ, ಎಲೆ ಮಣ್ಣು ಮುಚ್ಚಿ, ಹಗಲು ರಾತ್ರಿ ಕಾವಲಿದ್ದು ಕೂಲಿಗಳು ಇದ್ದಿಲು ಸುಡುತ್ತಿದ್ದರು. ಕುಲುಮೆ ನಿಂತು ಶತಮಾನ ದಾಟಿದೆ, ಕಾಡು ಮತ್ತೆ ಬೆಳೆದಿದೆ. ಆದರೆ ಆ ದುಂಡನೆಯ ಮಟ್ಟಗಳು ಹಾಗೇ ಉಳಿದಿವೆ. ಎಲೆ ಸರಿಸಿ ನೋಡಿದರೆ ಮಣ್ಣು ಇನ್ನೂ ಕಪ್ಪಗಿದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಮಲೆನಾಡಿನ ಮರದ ಇದ್ದಿಲು ಹೋಗುತ್ತಿದ್ದ ಕತೆ ಕೇಳಿ ಬೆಳೆದವನು ನಾನು. 1923ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆಯ ಮೊದಲ ಊದುಕುಲುಮೆ ಉರಿದದ್ದೂ ಇದ್ದಿಲಿನಿಂದಲೇ. ಫ್ರೆಂಚ್ ಕ್ರೀಕ್‌ನಲ್ಲಿ ಆ ಕಪ್ಪು ಮಣ್ಣು ಮೊದಲ ಸಲ ಕಂಡಾಗ, ಪರದೇಶದ ಕಾಡು ಒಂದು ಗಳಿಗೆ ಪರದೇಶದ್ದೆನಿಸಲಿಲ್ಲ.

ಈ ಕಾಡಿನ ನಕ್ಷೆಯಲ್ಲಿ ಇದ್ದಿಲಿನ ಮಟ್ಟಗಳನ್ನು ಗುರುತಿಸಿದ್ದಾರೆ. ದೊಡ್ಡ ಬಂಡೆಯಿಲ್ಲದ ಇಳಿಜಾರಿನಲ್ಲಿ ಕಂಟ್ರೋಲ್ ಇಡಲು ಅವೇ ಒಳ್ಳೆಯ ಜಾಗ. ಒಬ್ಬ ಬಡ ಕೂಲಿಗಾರ ಒಂದು ವಾರ ಉರಿ ಕಾಯ್ದ ಜಾಗವನ್ನು ಇನ್ನೂರು ವರ್ಷಗಳ ನಂತರ ಒಬ್ಬ ಹುಡುಗಿ ದಿಕ್ಸೂಚಿ ಹಿಡಿದು ಹುಡುಕಿಕೊಂಡು ಬರುತ್ತಾಳೆ. ಅವನ ಹೆಸರು ಅವಳಿಗೆ ಗೊತ್ತಿಲ್ಲ. ಆದರೂ ಅವನು ಮಟ್ಟ ಮಾಡಿದ ನೆಲ ಅವಳಿಗೆ ದಾರಿ ತೋರಿಸುತ್ತದೆ.

ಒಂದು ಭಾನುವಾರದ ಹಿಂದೆ

ಸ್ಪರ್ಧೆಯ ದಿನ ಬರುವವರಿಗೆ ಕಾಣುವುದು ಒಂದು ಮೇಜು, ಒಂದು ಬ್ಯಾನರ್, ಸಾಲಾಗಿ ಇಟ್ಟ ನಕ್ಷೆಗಳು. ಇದರ ಹಿಂದೆ ತಿಂಗಳುಗಟ್ಟಲೆ ಕೆಲಸವಿದೆ. ಉದ್ಯಾನದ ಅನುಮತಿ ಮೊದಲು. ಆಮೇಲೆ ಕೋರ್ಸ್ ಹಾಕುವವರು ನಕ್ಷೆಯ ಮುಂದೆ ಕೂತು ದಾರಿಗಳನ್ನು ಯೋಚಿಸುತ್ತಾರೆ. ಈ ದೇಶದ ಪದ್ಧತಿಯಲ್ಲಿ ಹೊಸಬರಿಗೆ ವೈಟ್ ಮತ್ತು ಯೆಲ್ಲೋ, ಸ್ವಲ್ಪ ಅನುಭವ ಇದ್ದವರಿಗೆ ಆರೆಂಜ್, ಪಳಗಿದವರಿಗೆ ಬ್ರೌನ್, ಗ್ರೀನ್, ರೆಡ್, ಬ್ಲೂ. ವೈಟ್ ಕೋರ್ಸಿನಲ್ಲಿ ಎಂಟು ವರ್ಷದ ಮಗು ಕಾಲುದಾರಿ ಬಿಡದೆ ನಡೆದು ಮುಗಿಸುವಂತಿರಬೇಕು. ಬ್ಲೂ ಕೋರ್ಸಿನಲ್ಲಿ ಬಲಿಷ್ಠ ಓಟಗಾರರೂ ನಿಂತು ಯೋಚಿಸುವಂತಿರಬೇಕು. ಒಂದೇ ಕಾಡಿನಲ್ಲಿ, ಒಂದೇ ಬೆಳಗ್ಗೆ, ಈ ಎರಡನ್ನೂ ಹೊಂದಿಸುವುದು ನಿಜವಾದ ಕೈಚಳಕ.

ಕಂಟ್ರೋಲಿನ ಗುರುತು ಕಿತ್ತಳೆ ಮತ್ತು ಬಿಳಿ ಬಣ್ಣದ, ಮೂರು ಮುಖದ ಬಟ್ಟೆಯ ಬಾವುಟ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅದು 31ರಿಂದ ಶುರುವಾಗುತ್ತದೆ, ಕೋರ್ಸಿನ ಒಂದು, ಎರಡು ಎಂಬ ಕ್ರಮಾಂಕದ ಜೊತೆ ಗೊಂದಲವಾಗಬಾರದೆಂದು. 66, 68, 89ರಂಥ ಸಂಖ್ಯೆಗಳನ್ನು ಬಳಸುವುದಿಲ್ಲ. ತಲೆಕೆಳಗಾಗಿ ನೋಡಿದರೆ ಬೇರೆಯಾಗಿ ಓದಿಬಿಡಬಹುದು. ಇಂಥ ಸಣ್ಣ ನಿಯಮಗಳ ಹಿಂದೆಲ್ಲ ಯಾವುದೋ ಕಾಡಿನಲ್ಲಿ ಯಾರೋ ಪಟ್ಟ ಪಾಡು ಇರಲೇಬೇಕು.

ಹಿಂದೆ ಪ್ರತಿ ಕಂಟ್ರೋಲಿನಲ್ಲೂ ಬೇರೆ ಬೇರೆ ಮಾದರಿಯ ಸೂಜಿಗಳಿರುವ ಪಂಚ್ ತೂಗುಹಾಕಿರುತ್ತಿದ್ದರು. ಓಡುವವರು ಅದರಿಂದ ತಮ್ಮ ಕಾರ್ಡಿಗೆ ತೂತು ಹಾಕಿಕೊಂಡು ಬರಬೇಕು. ಕೊನೆಯಲ್ಲಿ ಸ್ವಯಂಸೇವಕರು ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಬೇಕು. ಈಗ ಬೆರಳಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಕಡ್ಡಿ ಬಂದಿದೆ; ಪ್ರತಿ ಕಂಟ್ರೋಲಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಮುಗಿಸಿದ ಕೂಡಲೇ ಚೀಟಿಯಲ್ಲಿ ಬರುತ್ತದೆ. ಲೆಕ್ಕದ ಕೆಲಸ ಹಗುರವಾಯಿತು. ಆದರೆ ಕಂಟ್ರೋಲನ್ನು ಹೊತ್ತು ಗುಡ್ಡ ಹತ್ತುವ, ಸಂಜೆ ಅದನ್ನು ಮತ್ತೆ ಇಳಿಸಿ ತರುವ ಕೆಲಸಕ್ಕೆ ಇನ್ನೂ ಯಾವ ಯಂತ್ರವೂ ಬಂದಿಲ್ಲ.

ನಾನು ಮೊದಲ ಸಲ ಕೋರ್ಸ್ ಹಾಕಿದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಒಂದೇ ಇಳಿಜಾರಿನಲ್ಲಿ ಇದ್ದಿಲಿನ ಎರಡು ಮಟ್ಟಗಳಿದ್ದವು, ನಡುವೆ ಅರವತ್ತು ಮೀಟರ್ ಅಂತರವಿರಬಹುದು. ಮೇಲಿನದರಲ್ಲಿ ಕಟ್ಟಬೇಕಾದ ಗುರುತಿನ ಪಟ್ಟಿಯನ್ನು ನಾನು ಕೆಳಗಿನದರಲ್ಲಿ ಕಟ್ಟಿ ಬಂದಿದ್ದೆ. ಕ್ಲಬ್ಬಿನ ಪದ್ಧತಿಯಂತೆ, ಕೋರ್ಸ್ ಹಾಕಿದವರ ಹಿಂದೆ ಇನ್ನೊಬ್ಬರು ಹೋಗಿ ಪ್ರತಿ ಜಾಗವನ್ನೂ ಪರಿಶೀಲಿಸುತ್ತಾರೆ. ನನ್ನ ಕೋರ್ಸ್ ನೋಡಿದ ಹಿರಿಯರು ಬೇಕೆಂದೇ ಬೇರೆ ದಿಕ್ಕಿನಿಂದ ಆ ಇಳಿಜಾರಿಗೆ ಬಂದರು. ಬಂದು, ಎರಡೂ ಮಟ್ಟಗಳ ಮೇಲೆ ನಿಂತು, ನನಗೆ ಫೋನ್ ಮಾಡಿ, "ನೀವು ಬಂದ ದಾರಿಯಲ್ಲೇ ಬಂದಿದ್ದರೆ ನಾನೂ ತಪ್ಪುತ್ತಿದ್ದೆ" ಎಂದರು. ಗದರಲಿಲ್ಲ. ಮಾರನೆಯ ವಾರ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, ಪ್ರತಿ ಕಂಟ್ರೋಲಿಗೂ ಎರಡು ಕಡೆಯಿಂದ ಹೋಗಿ ನೋಡುವುದನ್ನು ಕಲಿಸಿದರು. ಆ ತಪ್ಪು ಉಳಿದಿದ್ದರೆ, ನಕ್ಷೆಯನ್ನು ನಂಬಿ ಬಂದ ಒಬ್ಬ ಹೊಸಬ ತನ್ನ ಕಣ್ಣನ್ನೇ ಅನುಮಾನಿಸಿ ಹಿಂದಿರುಗುತ್ತಿದ್ದ. ಬಹುಶಃ ಮತ್ತೆ ಬರುತ್ತಿರಲಿಲ್ಲ.

ಕಾಡಿನ ಕಷ್ಟಗಳು

ಈ ಕಾಡುಗಳಿಗೆ ತಮ್ಮದೇ ಅಪಾಯಗಳಿವೆ. ಮುಟ್ಟಿದರೆ ಬೊಬ್ಬೆ ಬರಿಸುವ ಪಾಯ್ಸನ್ ಐವಿ ಬಳ್ಳಿ, ಪ್ಯಾಂಟನ್ನೇ ಹರಿಯುವ ಮುಳ್ಳುಗಳು, ಎಲ್ಲಕ್ಕಿಂತ ಹೆಚ್ಚಾಗಿ ಉಣುಗು. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಹೆಸರು ಹೊತ್ತ ಲೈಮ್ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಹಾಗೆಯೇ ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಸೊರಬದ್ದೇ. ಕಾಡಿಗೆ ಹೋಗಿ ಬಂದವರು ಮೈಯೆಲ್ಲ ನೋಡಿಕೊಂಡು, ಬಟ್ಟೆ ಬಿಸಿನೀರಿಗೆ ಹಾಕಿ, ಆಮೇಲೆ ಒಳಗೆ ಬರಬೇಕು ಎಂದು ಅಮ್ಮ ಬಾಗಿಲಲ್ಲೇ ತಡೆಯುತ್ತಿದ್ದರು. ಸ್ಪರ್ಧೆ ಮುಗಿಸಿದ ಮಕ್ಕಳಿಗೆ ನಾನು ಈಗ ಹೇಳುವುದೂ ಅದನ್ನೇ.

ಶರತ್ಕಾಲ ಓಡಲು ಒಳ್ಳೆಯ ಕಾಲ. ಜಿಂಕೆ ಬೇಟೆಯ ಕಾಲವೂ ಅದೇ. ಪೆನ್ಸಿಲ್ವೇನಿಯದಲ್ಲಿ ಬಹುಕಾಲ ಭಾನುವಾರದ ಬೇಟೆಗೆ ನಿಷೇಧವಿದ್ದದ್ದು ನಮ್ಮಂಥವರಿಗೆ ಅನುಕೂಲವಾಗಿತ್ತು. ಆ ಕಾನೂನು ಸಡಿಲವಾದ ಮೇಲೆ ಕ್ಯಾಲೆಂಡರ್ ಹಾಕುವುದು ಕಷ್ಟದ ಕೆಲಸವಾಗಿದೆ.

ಆದರೆ ದೊಡ್ಡ ಕಷ್ಟ ಕಾಡಿನದಲ್ಲ, ಕೈಗಳದು. ಓಡಲು ಬರುವವರು ಇದ್ದಾರೆ: ಬ್ಯಾಡ್ಜ್ ಗಳಿಸಲು ಬರುವ ಸ್ಕೌಟ್ ಮಕ್ಕಳು, ಶಾಲಾ ಸೈನಿಕ ತರಬೇತಿಯ ಹುಡುಗ ಹುಡುಗಿಯರು, ಕುಟುಂಬಗಳು. ಕೋರ್ಸ್ ಹಾಕಲು, ನಕ್ಷೆ ತಿದ್ದಲು, ಮಳೆಯಲ್ಲಿ ಮೇಜಿನ ಹಿಂದೆ ಕೂರಲು ಬರುವವರು ಎಂದಿಗೂ ಕಡಿಮೆಯೇ. ಸ್ವಯಂಸೇವಕರ ಮೇಲೆ ನಿಂತ ಸಂಸ್ಥೆಗಳೆಲ್ಲದರ ಪಾಡು ಇದು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ನಡೆಸುವವರಿಗೂ ಚೆನ್ನಾಗಿ ಗೊತ್ತು. ಕೆಲವರೇ ಎಲ್ಲವನ್ನೂ ಹೊತ್ತರೆ ಅವರು ದಣಿಯುತ್ತಾರೆ, ಅವರೊಂದಿಗೆ ಸಂಸ್ಥೆಯೂ ದಣಿಯುತ್ತದೆ. ಈ ಕ್ಲಬ್ ಉಳಿದದ್ದು ಕೆಲಸವನ್ನು ಸಣ್ಣ ಸಣ್ಣ ಪಾಲು ಮಾಡಿ ಹಂಚುವುದನ್ನು ಕಲಿತದ್ದರಿಂದ. ಮೊದಲ ಸಲ ಬಂದವರಿಗೆ ಐದು ಕಂಟ್ರೋಲ್ ತೆಗೆದು ತರುವ ಕೆಲಸ. ಮುಂದಿನ ವರ್ಷ ಹೊಸಬರಿಗೆ ನಕ್ಷೆ ತಿರುಗಿಸಿ ಹಿಡಿಯುವುದನ್ನು ಕಲಿಸುವ ಕೆಲಸ. ಆಮೇಲೆ ಒಂದು ವೈಟ್ ಕೋರ್ಸ್. ಕೊನೆಗೆ ಇಡೀ ಸ್ಪರ್ಧೆ.

ಮುಯ್ಯಾಳಿಗೂ ಇದಕ್ಕೂ ಇರುವ ಒಂದೇ ವ್ಯತ್ಯಾಸ ಇಲ್ಲಿದೆ. ಊರಿನಲ್ಲಿ ಆಳು ಯಾವ ಮನೆಯಿಂದ ಬಂತೋ ಆ ಮನೆಗೇ ಹಿಂದಿರುಗಬೇಕು. ಇಲ್ಲಿ ನನಗೆ ದಾರಿ ಕಲಿಸಿದ ಹಿರಿಯರಿಗೆ ನನ್ನಿಂದ ಏನೂ ಬೇಕಿಲ್ಲ. ನಾನು ಆ ಋಣವನ್ನು, ಇನ್ನೂ ಹೆಸರೇ ಗೊತ್ತಿಲ್ಲದ, ಮುಂದಿನ ವಾರ ಬರಲಿರುವ ಯಾರಿಗೋ ಸಲ್ಲಿಸಬೇಕು.

ಕೊನೆಯ ಹೆಸರು

ಓರಿಯೆಂಟಿಯರಿಂಗಿನಲ್ಲಿ ತಪ್ಪದೆ ಪಾಲಿಸುವ ಒಂದು ನಿಯಮವಿದೆ. ಕೋರ್ಸ್ ಮುಗಿಸಲಿ, ಅರ್ಧಕ್ಕೆ ಬಿಡಲಿ, ಎಲ್ಲರೂ ಫಿನಿಷ್‌ಗೆ ಬಂದು ಹೆಸರು ಹೇಳಿಯೇ ಹೋಗಬೇಕು. ಹೋದವರೆಷ್ಟು, ಬಂದವರೆಷ್ಟು ಎಂಬ ಎರಡು ಲೆಕ್ಕ ಕೂಡುವವರೆಗೆ ಸ್ಪರ್ಧೆ ನಡೆಸುವವರು ಯಾರೂ ಮನೆಗೆ ಹೊರಡುವಂತಿಲ್ಲ. ನಮ್ಮ ಕಡೆ, ದಾರಿ ತಪ್ಪಿಸುವ ಬಳ್ಳಿಯನ್ನು ದಾಟಿದವರು ಕಾಡಿನಲ್ಲಿ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗೆ ಸುತ್ತುತ್ತಿರುವ ಒಬ್ಬರು ಒಳಗಿರಬಹುದು ಎಂಬ ಎಚ್ಚರವೇ ಈ ನಿಯಮದ ಜೀವ.

ಒಂದು ನವೆಂಬರ್ ಸಂಜೆ ಪಟ್ಟಿಯಲ್ಲಿ ಒಂದು ಹೆಸರು ಉಳಿಯಿತು. ಹನ್ನೆರಡು ವರ್ಷದ ಹುಡುಗ, ಯೆಲ್ಲೋ ಕೋರ್ಸ್. ಅವನ ತಾಯಿ ಮೇಜಿನ ಬಳಿ ಮಾತಿಲ್ಲದೆ ನಿಂತಿದ್ದರು. ಆಗಲೇ ನಾಲ್ಕು ಗಂಟೆ ಓಡಿ ದಣಿದಿದ್ದವರೂ ಬೂಟು ಮತ್ತೆ ಕಟ್ಟಿಕೊಂಡರು. ಯಾರು ಯಾವ ಕಣಿವೆ ಎಂದು ಹಂಚಿಕೊಂಡು, ಸೀಟಿ ಊದುತ್ತ ಹೊರಟೆವು. ಅರ್ಧ ಗಂಟೆಯೊಳಗೆ ಅವನು ಸಿಕ್ಕ: ತಿಳಿದವರು ಹೇಳಿಕೊಟ್ಟಂತೆ ಒಂದು ದಾರಿಯ ಕವಲಿನಲ್ಲಿ, ಅಲುಗಾಡದೆ, ನಕ್ಷೆಯನ್ನು ಎದೆಗೊತ್ತಿಕೊಂಡು ಕೂತಿದ್ದ. ಫಿನಿಷ್‌ಗೆ ಬಂದವನೇ ಮೇಜಿನವರು ಕೇಳುವ ಮೊದಲೇ ತನ್ನ ಹೆಸರು ಹೇಳಿದ. ಪೆನ್ನಿನಿಂದ ಒಂದು ಗೆರೆ ಎಳೆದರು. ಅಂದು ಕತ್ತಲಾದ ಮೇಲೆ ಟಾರ್ಚ್ ಬೆಳಕಿನಲ್ಲಿ ಕಂಟ್ರೋಲ್‌ಗಳನ್ನು ತೆಗೆದು ತಂದೆವು.

ಆ ಹುಡುಗ ಮರುವರ್ಷವೂ ಬಂದ, ಅದರ ಮುಂದಿನ ವರ್ಷವೂ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಹೊಸಬರ ಮೇಜಿನ ಬಳಿ ಒಂದು ಚಿಕ್ಕ ಹುಡುಗಿಯ ಪಕ್ಕದಲ್ಲಿ ಮಂಡಿಯೂರಿ ಕೂತು, ಅವಳ ಕೈಯ ನಕ್ಷೆಯನ್ನು ನಿಧಾನವಾಗಿ ಉತ್ತರಕ್ಕೆ ತಿರುಗಿಸುತ್ತಿದ್ದುದನ್ನು ಕಂಡೆ. "ದಾರಿ ತಪ್ಪಿತು ಅನಿಸಿದರೆ ಓಡಬೇಡ. ನಿಂತುಬಿಡು. ನಾವು ಬರ್ತೀವಿ" ಎಂದು ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನನ್ನ ಕಿವಿಗೆ ಅದು ಕನ್ನಡದಲ್ಲೇ ಕೇಳಿತು.